ಬೆಸುಗೆಯ ಪಕ್ಕದಲ್ಲೇ ಜಂಗು ಯಾಕೆ ಮೊದಲು?

ಮುಂಗಾರಿಗೆ ಮುಂಚೆ ವೆಲ್ಡಿಂಗ್ ಮಾಡಿಸಿ ತಂದ ಕಲ್ಟಿವೇಟರನ್ನು ಸುಗ್ಗಿಯ ಹೊತ್ತಿಗೆ ಮಗುಚಿ ನೋಡಿ. ಹಳೆಯ ಬಣ್ಣ ಉಳಿದ ಕಡೆ ಕಬ್ಬಿಣ ಗಟ್ಟಿಯಾಗಿಯೇ ಇರುತ್ತದೆ. ಬೆಸುಗೆಯ ಅಕ್ಕಪಕ್ಕ ಮಾತ್ರ ಎರಡು ಬೆರಳಗಲ ಜಂಗು. ರಾಡು ಕಳಪೆ ಎಂದು ವೆಲ್ಡರನನ್ನು ಬೈಯುವುದು ರೂಢಿ. ಬಹಳ ಸಲ ತಪ್ಪು ರಾಡಿನದಲ್ಲ, ಬೆಸುಗೆ ಆದಮೇಲೆ ಮಾಡದೆ ಬಿಟ್ಟ ಕೆಲಸದ್ದು.

ಕಬ್ಬಿಣ ತುಕ್ಕಾಗಲು ಗಾಳಿಯೂ ಬೇಕು, ನೀರೂ ಬೇಕು. ಜೊತೆಗೆ ಉಪ್ಪು ಸೇರಿತೋ, ಕೆಲಸ ಚುರುಕು. ಗಂಗಾವತಿ ಕಡೆಯ ಸವಳು ಹತ್ತಿದ ಭತ್ತದ ಗದ್ದೆಯಲ್ಲಿ ತಿರುಗುವ ಕೇಜ್ ವೀಲಿಗೆ ಈ ಮೂರೂ ಒಟ್ಟಿಗೆ ಸಿಗುತ್ತವೆ. ಯಲಬುರ್ಗಾ, ಕುಷ್ಟಗಿಯ ಒಣಬೇಸಾಯದವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಡಿಎಪಿ, ಪೊಟ್ಯಾಷ್ ಕೂಡ ಲವಣಗಳೇ. ಕೂರಿಗೆಯ ಗೊಬ್ಬರದ ಪೆಟ್ಟಿಗೆಯಲ್ಲಿ ಉಳಿದ ಒಂದು ಹಿಡಿ ಪುಡಿ ಗಾಳಿಯ ತೇವ ಹೀರಿಕೊಂಡು ಮೂಲೆಯ ಬೆಸುಗೆಯನ್ನು ತಿನ್ನುತ್ತಾ ಕೂರುತ್ತದೆ. ಬಿತ್ತನೆ ಮುಗಿದ ದಿನವೇ ಪೆಟ್ಟಿಗೆ ತೊಳೆದು ಬಿಸಿಲಿಗೆ ಇಡಿ, ನಾಳೆಗೆ ಬಿಡಬೇಡಿ.

ಬೆಸುಗೆಯ ಕಾವಿಗೆ ಮೊದಲು ಸುಡುವುದು ಬಣ್ಣ. ಜಿ.ಐ. ಪೈಪಾದರೆ ಅದರ ಸತುವಿನ ಲೇಪ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ 907ಕ್ಕೆ ಆವಿಯಾಗುತ್ತದೆ. ಕಬ್ಬಿಣ ಕರಗಲು 1,500 ಡಿಗ್ರಿಯ ಆಸುಪಾಸು ಬೇಕು. ಜೋಡು ಕೂಡುವ ಮೊದಲೇ ಲೇಪ ಹೊಗೆಯಾಗಿ ಹೋಗಿರುತ್ತದೆ. ಆ ಬಿಳಿ ಹೊಗೆ ಕುಡಿದವರಿಗೆ ಕೆಲವೇ ಗಂಟೆಗಳಲ್ಲಿ ಚಳಿಜ್ವರ ಬರಬಹುದು. ಹಾಲು ಕುಡಿದರೆ ವಾಸಿ ಎನ್ನುವುದು ವೆಲ್ಡಿಂಗ್ ಅಂಗಡಿಗಳ ನಂಬಿಕೆ. ಹೊಗೆ ಹೋದದ್ದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ! ಜೋಡಿನ ಎರಡೂ ಬದಿ ಒಂದೊಂದು ಇಂಚು ಸತುವನ್ನು ಗ್ರೈಂಡರಿನಿಂದ ತೆಗೆಸಿ, ಗಾಳಿಯಾಡುವ ಬಯಲಲ್ಲಿ ಬೆಸುಗೆ ಹಾಕಿಸಿ.

ಬಣ್ಣದ ವಿಷಯದಲ್ಲಿ ಕಿನ್ನಾಳದ ಚಿತ್ರಗಾರರ ಕೆಲಸ ನೋಡಬೇಕು. ಬೊಂಬೆಯ ಮರ ಒಣಗಿಸಿ, ನುಣುಪು ಮಾಡಿ, ಬಿಳಿ ಲೇಪ ಕೊಟ್ಟ ಮೇಲೆಯೇ ಅವರು ಬಣ್ಣಕ್ಕೆ ಕೈ ಹಾಕುವುದು. ನಾವು ಬೆಸುಗೆಯ ಮೇಲಿನ ಗಾಜಿನಂಥ ಕಿಟ್ಟವನ್ನೂ ತೆಗೆಯದೆ ಬ್ರಷ್ ಎಳೆಯುತ್ತೇವೆ. ಆ ಬಣ್ಣ ಚಕ್ಕೆಯಾಗಿ ಎದ್ದು, ಅಡಿಯಲ್ಲಿ ನೀರು ಹಿಡಿದಿಡುತ್ತದೆ. ಕಿಟ್ಟ ಬಡಿದು ತೆಗೆದು, ತಂತಿ ಬ್ರಷ್‌ನಿಂದ ಹೊಳಪು ಬರುವವರೆಗೆ ಉಜ್ಜಿ, ಥಿನ್ನರ್ ಬಟ್ಟೆಯಿಂದ ಒರೆಸಿ, ಅಂದೇ ರೆಡ್ ಆಕ್ಸೈಡ್ ಹಚ್ಚಿ. ಅಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಅದು ಬರೀ ತಳಪಾಯ, ಮೇಲೆ ಎರಡು ಕೈ ಎನಾಮಲ್ ಬೀಳಲೇಬೇಕು. ಜಿ.ಐ. ಪೈಪಿಗೆ ರೆಡ್ ಆಕ್ಸೈಡ್ ಬದಲು ಸತು ತುಂಬಿದ ಬಣ್ಣ ಕೇಳಿ ತನ್ನಿ. ಅದನ್ನು ಬರಿಯ ಕಬ್ಬಿಣದ ಮೇಲೇ ಹಚ್ಚಬೇಕು. ಕಬ್ಬಿಣಕ್ಕೆ ತಾಗಿದ್ದರೆ ಮಾತ್ರ ಸತು ಅದರ ಬದಲಿಗೆ ತಾನು ಸವೆಯುತ್ತದೆ.

ಕಾಸು ಉಳಿಸಲು ಅಲ್ಲಲ್ಲಿ ಟಾಕಾ ಹೊಡೆಸಿ ಬಿಟ್ಟರೆ, ಎರಡು ಪಟ್ಟಿಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಹುಟ್ಟುವ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ, ಕೊನೆಗೆ ಟಾಕಾವನ್ನೇ ಕಿತ್ತೀತು. ಮಳೆ ನೀರು ಬೀಳುವ ಅಂಚನ್ನಾದರೂ ಪೂರ್ತಿ ಬೆಸೆಸಿ. ಬಾಯಿ ತೆರೆದ ಪೈಪಿನ ಚೌಕಟ್ಟಿಗೆ ತಗ್ಗಿನ ತುದಿಯಲ್ಲಿ ನೀರು ಸೋರುವ ತೂತು ಇರಲಿ.

ಮಣ್ಣು ಸೀಳುವ ಕುಳ, ರೋಟವೇಟರಿನ ಬ್ಲೇಡುಗಳಿಗೆ ಬಣ್ಣ ದಂಡ, ಒಂದೇ ಸುತ್ತಿಗೆ ಅಳಿಸಿಹೋಗುತ್ತದೆ. ಅವನ್ನು ತೊಳೆದು ಒರೆಸಿ ತೆಳ್ಳಗೆ ಗ್ರೀಸ್ ಸವರಿ, ನೆಲದ ತಂಪು ತಾಗದಂತೆ ಹಲಗೆಯ ಮೇಲೆ ಇಡಿ.