ಹೊರಡುವ ಹಿಂದಿನ ರಾತ್ರಿಯ ಲೆಕ್ಕ

ಹಾಲು, ಪೇಪರು, ಕರೆಂಟು, ಮಕ್ಕಳ ಫೀಸು ಎಲ್ಲಕ್ಕೂ ನಮ್ಮ ಮನೆಗಳ ತಿಂಗಳ ಲೆಕ್ಕದಲ್ಲಿ ಒಂದು ಜಾಗವಿದೆ. ಒಂದು ಭಾನುವಾರ ಜಲಪಾತ ನೋಡಿ ಬರೋಣ ಅಂದರೆ ಮಾತ್ರ ‘ಕೈಯಲ್ಲಿ ಉಳಿದರೆ ನೋಡೋಣ’ ಎಂಬ ಮಾತು ಬರುತ್ತದೆ. ಕೈಯಲ್ಲಿ ಎಂದೂ ಉಳಿಯುವುದಿಲ್ಲ. ಎರಡು ವರ್ಷ ಎಲ್ಲಿಗೂ ಹೋಗದೆ ಕೂತು, ಮೂರನೆಯ ವರ್ಷ ಮಕ್ಕಳ ಸಪ್ಪೆ ಮುಖ ನೋಡಲಾರದೆ ಕ್ರೆಡಿಟ್ ಕಾರ್ಡ್ ಉಜ್ಜಿ ರೆಸಾರ್ಟಿಗೆ ಹೋಗಿ ಬಂದವರು ಬಹಳ. ಆ ಕಂತು ತೀರುವಷ್ಟರಲ್ಲಿ ಮತ್ತೆ ಶಾಲೆ ಶುರುವಾಗಿರುತ್ತದೆ.

ನಮ್ಮ ಮನೆಯಲ್ಲಿ ತಿರುಗಾಟಕ್ಕೆಂದೇ ಬೇರೊಂದು ಉಳಿತಾಯ ಖಾತೆಯಿದೆ. ಸಂಬಳ ಬಂದ ಮರುದಿನ ಅದಕ್ಕೆ 1,500 ರೂಪಾಯಿ ತಾನಾಗಿ ಹೋಗುತ್ತದೆ, ವರ್ಷಕ್ಕೆ 18,000. ಬೆಳಗ್ಗೆ ಹೋಗಿ ರಾತ್ರಿ ಬರುವಂಥ ನಾಲ್ಕು ತಿರುಗಾಟ ಇದರಲ್ಲಿ ಆರಾಮಾಗಿ ಆಗುತ್ತದೆ. ಎಲ್ಲಾದರೂ ರಾತ್ರಿ ತಂಗಬೇಕೆಂದರೆ ಎರಡನ್ನು ಬಿಟ್ಟುಕೊಡಬೇಕು. ಆ ದುಡ್ಡಿಗೆ ಬೇರೆ ಯಾರೂ ಕೈ ಹಾಕುವಂತಿಲ್ಲ, ಫ್ರಿಜ್ ಕೆಟ್ಟರೂ ಇಲ್ಲ. ಮಕ್ಕಳು ಹೊಳೆ, ಬೆಟ್ಟ, ಕಾಡು ಕಣ್ಣಾರೆ ನೋಡುವುದು ಅವರ ಓದಿನಷ್ಟೇ ಅಗತ್ಯ ಎಂದು ನಂಬಿದವಳು ನಾನು. ಅಗತ್ಯದ ಖರ್ಚಿಗೆ ಮೊದಲೇ ಎತ್ತಿಡಬೇಕು.

ದುಡ್ಡು ಎತ್ತಿಟ್ಟ ಮೇಲೂ ಒಂದು ಮಾತಿದೆ. ತಿರುಗಾಟದ ಖರ್ಚು ದಾರಿಯಲ್ಲಿ ಆಗುತ್ತದೆ ಎಂದು ನಾವು ತಿಳಿದಿರುತ್ತೇವೆ. ನನ್ನ ಅನುಭವದಲ್ಲಿ ಅದರ ಮುಕ್ಕಾಲು ಪಾಲು ಮನೆಯಲ್ಲಿ, ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ: ಯಾವ ವಾರ, ಯಾವ ಗಾಡಿ, ಎಷ್ಟು ಗಂಟೆಗೆ, ಊಟ ಎಲ್ಲಿ. ಇವನ್ನು ಮನೆಯಲ್ಲಿ ನಿರ್ಧರಿಸದಿದ್ದರೆ ಹಸಿವು, ಬಿಸಿಲು, ಅಳುವ ಮಗು ಸೇರಿ ನಿರ್ಧರಿಸುತ್ತವೆ, ದುಬಾರಿಯಾಗಿ ನಿರ್ಧರಿಸುತ್ತವೆ.

ಬೆಂಗಳೂರಿನ ನಮಗೆ ಹತ್ತಿರದ ಶಿವನಸಮುದ್ರವನ್ನೇ ತೆಗೆದುಕೊಳ್ಳಿ. ಕನಕಪುರ, ಮಳವಳ್ಳಿ ದಾಟಿ ಗಗನಚುಕ್ಕಿ, ಭರಚುಕ್ಕಿ, ತಲಕಾಡು, ಸಾಧ್ಯವಾದರೆ ಸೋಮನಾಥಪುರ ನೋಡಿ ವಾಪಸಾದರೆ ಒಟ್ಟು ಹೆಚ್ಚುಕಡಿಮೆ 300 ಕಿಲೋಮೀಟರ್. ಮಾರ್ಚಿನಲ್ಲಿ ಹೋದರೂ ಇದೇ ಖರ್ಚು, ಆಗಸ್ಟಿನಲ್ಲಿ ಹೋದರೂ ಇದೇ ಖರ್ಚು. ಆದರೆ ಮಾರ್ಚಿನಲ್ಲಿ ಕಾಣುವುದು ಬಂಡೆ, ನಡುವೆ ಎಲ್ಲೋ ಒಂದೆರಡು ಎಳೆ ನೀರು. ಇಲ್ಲಿನ ಕಾವೇರಿ ಕೊಡಗಿನ ಮಳೆಯನ್ನು ಮಾತ್ರ ನಂಬಿದ್ದಲ್ಲ. ಮೇಲಿನ ಅಣೆಕಟ್ಟೆಗಳಿಂದ ಎಷ್ಟು ಬಿಡುತ್ತಾರೆ ಎಂಬುದನ್ನೂ ನಂಬಿದೆ. ಹಾಗಾಗಿ ನಾನು ಜುಲೈ ಬಂತೆಂದರೆ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡುತ್ತೇನೆ. ಕೆ.ಆರ್.ಎಸ್. ಭರ್ತಿ ಎಂದರೆ 124.80 ಅಡಿ. ಅದು ತುಂಬಿ ಹೊರಕ್ಕೆ ನೀರು ಬಿಟ್ಟರು, ಕಬಿನಿಯಿಂದಲೂ ಬಿಟ್ಟರು ಎಂಬ ಸುದ್ದಿ ಬಂದ ಮೇಲೆ ಅಬ್ಬರ ಸ್ವಲ್ಪ ತಗ್ಗಲೆಂದು ಕಾದು, ನಂತರದ ವಾರ ಹೊರಡುತ್ತೇವೆ. ಅಷ್ಟೇ ಪೆಟ್ರೋಲಿಗೆ ಇಡೀ ಜಲಪಾತ ಸಿಗುತ್ತದೆ.

ಈಗ ಗಾಡಿಯ ಲೆಕ್ಕ. ನಮ್ಮ ಕಾರು ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆ. 300 ಕಿಲೋಮೀಟರಿಗೆ 20 ಲೀಟರ್. ಪೆಟ್ರೋಲ್ ಲೀಟರಿಗೆ ನೂರು ದಾಟಿರುವುದರಿಂದ 2,000 ರೂಪಾಯಿಗೆ ಸ್ವಲ್ಪ ಮೇಲೆ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾಲ್ಕು ಟಯರಿಗೆ 20,000 ಕೊಟ್ಟು, ಅವು 40,000 ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ 50 ಪೈಸೆ ಸವೆಯಿತು. 10,000 ಕಿಲೋಮೀಟರಿಗೊಮ್ಮೆ ಸರ್ವಿಸ್‌ಗೆ 7,000 ಹೋದರೆ ಇನ್ನೂ 70 ಪೈಸೆ. ಎರಡೂ ಸೇರಿ ಈ ಒಂದು ದಿನಕ್ಕೆ 360 ರೂಪಾಯಿ. ಅದನ್ನೂ ತಿರುಗಾಟದ ಖಾತೆಯಿಂದಲೇ ತೆಗೆದು ಗಾಡಿಯ ಲೆಕ್ಕಕ್ಕೆ ಹಾಕುತ್ತೇನೆ. ಟಯರು ಬದಲಿಸುವ ತಿಂಗಳು ಮನೆ ಖರ್ಚು ಏರುಪೇರಾಗುವುದಿಲ್ಲ.

ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡಾಟ ಹೆಚ್ಚಿರುವವರು ಫಾಸ್ಟ್ಯಾಗ್ ವಾರ್ಷಿಕ ಪಾಸನ್ನು ಲೆಕ್ಕ ಹಾಕಿ ನೋಡಬೇಕು. 2025ರ ಆಗಸ್ಟ್ 15ರಿಂದ ಜಾರಿಗೆ ಬಂದ ಪಾಸಿಗೆ ಶುರುವಿನಲ್ಲಿ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಒಂದು ಟೋಲಿಗೆ ಸರಾಸರಿ 90 ರೂಪಾಯಿ ಅಂದುಕೊಂಡರೆ ಆ ದರದಲ್ಲಿ 34ನೆಯ ಟೋಲಿಗೆ ಹಾಕಿದ ದುಡ್ಡು ವಾಪಸು ಬಂತು. ಮೈಸೂರಿನಲ್ಲಿ ತವರು ಇರುವ ನನ್ನಂಥವರಿಗೆ ಅದು ಲಾಭ. ವರ್ಷಕ್ಕೆ ಎರಡು ಸಲ ಊರು ಬಿಡುವವರಿಗೆ ಬೇಡ. ರಾಜ್ಯ ಹೆದ್ದಾರಿಗೂ ಬೆಂಗಳೂರಿನ ನೈಸ್ ರಸ್ತೆಗೂ ಈ ಪಾಸ್ ನಡೆಯುವುದಿಲ್ಲ.

ಭಾವನವರ ಮನೆಯವರೂ ಸೇರಿದರೆ ಎರಡು ಕಾರಿನ ಬದಲು ಒಂದು ದೊಡ್ಡ ಗಾಡಿ ಬಾಡಿಗೆಗೆ ಹೇಳುತ್ತೇವೆ. ಎಲ್ಲರೂ ಒಂದೇ ಗಾಡಿಯಲ್ಲಿ ಹರಟುತ್ತ ಹೋಗಬಹುದು, ಓಡಿಸುವವರಿಗೂ ದಣಿವಿಲ್ಲ. ಇಲ್ಲಿ ಕೇಳಬೇಕಾದದ್ದು ಕಿಲೋಮೀಟರ್ ದರವನ್ನಲ್ಲ. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿಯುತ್ತೀರಿ, ಲೆಕ್ಕ ನಮ್ಮ ಮನೆಯಿಂದಲೋ ನಿಮ್ಮ ಶೆಡ್ಡಿನಿಂದಲೋ, ಡ್ರೈವರ್ ಬತ್ತೆ ಎಷ್ಟು, ಟೋಲು ಪಾರ್ಕಿಂಗ್ ಯಾರದು ಎಂದು ಕೇಳಿ, ಒಟ್ಟು ಮೊತ್ತವನ್ನು ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಬೇಕು. ಪರಿಚಯದವರ ಬಿಳಿ ಬೋರ್ಡ್ ಗಾಡಿ ನಾಲ್ಕು ಕಾಸು ಅಗ್ಗಕ್ಕೆ ಸಿಕ್ಕರೂ ಬೇಡ. ಖಾಸಗಿ ಕಾರಿನ ವಿಮೆ ಬಾಡಿಗೆಗೆ ಓಡಿಸಿದಾಗ ಆದ ನಷ್ಟಕ್ಕೆ ನಿಲ್ಲುವುದಿಲ್ಲ. ಸ್ವಂತ ಕಾರಿನವರೂ ಮಳೆಗಾಲಕ್ಕೆ ಮೊದಲು ವಿಮೆಯ ಕಾಗದ ತೆಗೆದು ನೋಡಲಿ. ನಿಂತ ನೀರಿನಲ್ಲಿ ಓಡಿಸಿ ಎಂಜಿನ್ನಿಗೆ ನೀರು ಹೋದರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದ ಪಾಲಿಸಿಯಲ್ಲಿ ಸಾಮಾನ್ಯವಾಗಿ ಪರಿಹಾರವಿಲ್ಲ. ಘಟ್ಟದ ಕಡೆ ಹೋಗುವವರು ಅದನ್ನು ಸೇರಿಸಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಊಟ ನಮ್ಮ ಅತ್ತೆಯವರ ಖಾತೆ. ಹಿಂದಿನ ರಾತ್ರಿಯೇ ಪುಳಿಯೋಗರೆ ಗೊಜ್ಜು ಕುದಿಸಿಡುತ್ತಾರೆ. ಮೊಸರನ್ನದ ಕೆಲಸ ಬೆಳಗಿನ ಜಾವದ್ದು: ಅನ್ನವನ್ನು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಹಾಲು ಸುರಿದು ಚೆನ್ನಾಗಿ ಹಿಸುಕಿ, ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು ಬೆರೆಸುತ್ತಾರೆ. ಒಗ್ಗರಣೆಗೆ ಸಾಸಿವೆ, ಶುಂಠಿ, ಕರಿಬೇವು. ಐದೂವರೆಗೆ ಡಬ್ಬಿ ಮುಚ್ಚಿದರೆ ಮಧ್ಯಾಹ್ನ ಒಂದು ಗಂಟೆಗೆ ತೆಗೆಯುವಾಗ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯ ಸುಳಿವಿರುವುದಿಲ್ಲ. ಐದು ಜನರ ಈ ಬುತ್ತಿಗೆ ಸಾಮಾನಿನ ಖರ್ಚು 200 ರೂಪಾಯಿ ಆದರೆ ಹೆಚ್ಚು. ದಾರಿಯ ಹೋಟೆಲಿನಲ್ಲಿ ಅಷ್ಟೇ ಜನ ಕೂತರೆ ಸಾವಿರದ ಕೆಳಗೆ ಏಳುವ ಹಾಗಿಲ್ಲ, ಭಾನುವಾರವಾದರೆ ಮುಕ್ಕಾಲು ಗಂಟೆ ಕಾಯಬೇಕು. ತಿಂದ ಎಲೆ, ಕಾಗದ, ಬಾಟಲಿ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ ಮನೆಗೇ ತರುತ್ತೇವೆ. ಭರಚುಕ್ಕಿಯ ದಂಡೆಯಲ್ಲಿ ಪ್ಲಾಸ್ಟಿಕ್ ತಟ್ಟೆ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಹೀಗೆ ಉಳಿಸಿದ್ದನ್ನು ಅಲ್ಲಿನವರ ಕೈಗೆ ಧಾರಾಳವಾಗಿ ಕೊಡಬೇಕು. ಎಳನೀರು, ಸೌತೆಕಾಯಿ, ಸುಟ್ಟ ಜೋಳ, ತಲಕಾಡಿನ ತೆಪ್ಪ, ಇದರಲ್ಲಿ ಚೌಕಾಸಿ ಮಾಡುವುದಿಲ್ಲ. ಒಂದು ಮಳೆಗಾಲ ತಲಕಾಡಿನಲ್ಲಿ ಮಕ್ಕಳು ತೆಪ್ಪಕ್ಕೆ ಹಠ ಹಿಡಿದಿದ್ದರು. ತೆಪ್ಪದವರು ಹೊಳೆಯನ್ನೇ ನೋಡುತ್ತ, ‘ಇವತ್ತು ಬುಡಕಿಲ್ಲ ಕಣಕ್ಕ, ನೀರು ಜಾಸ್ತಿ ಅದೆ’ ಅಂದರು. ಇನ್ನೂ ಇಬ್ಬರು ಬಂದು ಹೆಚ್ಚು ದುಡ್ಡು ಕೊಡುತ್ತೇವೆ ಎಂದರೂ ಅವರು ಹುಟ್ಟು ಮುಟ್ಟಲಿಲ್ಲ. ಅವತ್ತಿನ ದುಡಿಮೆ ಬಿಟ್ಟು ನಮ್ಮ ಮಕ್ಕಳನ್ನು ಕಾಯ್ದ ಮನುಷ್ಯ. ನೀರು ಇಳಿದ ಮೇಲೆ ಮತ್ತೆ ಹೋಗಿ ಅವರ ತೆಪ್ಪವನ್ನೇ ಹತ್ತಿದೆವು. ಈ ಹೊಳೆಯಲ್ಲಿ ಮೇಲೆ ಕಾಣದ ಸುಳಿಗಳಿವೆ. ಬೇಡ ಎಂದು ಬೋರ್ಡ್ ಹಾಕಿದ ಕಡೆ ಕಾಲು ಇಳಿಬಿಡುವುದೂ ಬೇಡ.

ಕಾರಿಲ್ಲದವರಿಗೂ ಇಂಥ ತಿರುಗಾಟ ದೂರದ ಮಾತಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದ ಶಕ್ತಿ ಯೋಜನೆ 2023ರ ಜೂನ್ 11ರಂದು ಬಂದ ಮೇಲೆ ನಮ್ಮ ಬೀದಿಯ ಹೆಂಗಸರು ಆಧಾರ್ ಕಾರ್ಡ್ ಹಿಡಿದು ಮಳವಳ್ಳಿ ಬಸ್ ಹತ್ತಿ ಶಿವನಸಮುದ್ರ ನೋಡಿ ಬಂದಿದ್ದಾರೆ. ಪ್ರವೇಶದ ಖರ್ಚಿನ ಮಾತಿಗೆ ಬಂದರೆ, ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಈ ಸಲ ಎರಡು ಸಣ್ಣ ತಿರುಗಾಟ ಬಿಟ್ಟು ಜೋಗಕ್ಕೆ ಹೋಗುವುದೆಂದು ಮಾತಾಗಿದೆ. ಶರಾವತಿ 253 ಮೀಟರ್ ಧುಮುಕುವುದನ್ನು ಮಕ್ಕಳು ಇನ್ನೂ ನೋಡಿಲ್ಲ. ರೂಮು ಹುಡುಕುವಾಗ ಒಂದು ಗೆರೆ ನೆನಪಿಡಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್, ಅದರ ಮೇಲೆ 18. 7,500ರ ರೂಮು ತೆರಿಗೆ ಸೇರಿ 7,875. 7,600ರ ರೂಮು 8,968. ಬಾಡಿಗೆಯಲ್ಲಿ ನೂರು ರೂಪಾಯಿ ವ್ಯತ್ಯಾಸ, ಬಿಲ್ಲಿನಲ್ಲಿ ಸಾವಿರದ ತೊಂಬತ್ತಮೂರು. ನಮಗೆ ಅಷ್ಟು ದೊಡ್ಡ ರೂಮು ಬೇಕಿಲ್ಲ, ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲು ಸಾಕು.

ಹೋಗಿ ಬರಲು ಸುಮಾರು 800 ಕಿಲೋಮೀಟರ್. ಕಾರಿನಲ್ಲಾದರೆ ಪೆಟ್ರೋಲೇ ಐದೂವರೆ ಸಾವಿರ. ರಾತ್ರಿ ರೈಲಿನಲ್ಲಿ ತಾಳಗುಪ್ಪಕ್ಕೆ ಹೋದರೆ ಐದು ಜನರ ಸ್ಲೀಪರ್ ಟಿಕೆಟ್ ಹೋಗಿ ಬರುವುದಕ್ಕೂ ಸೇರಿ ಅದಕ್ಕಿಂತ ಬಹಳ ಕಡಿಮೆ, ಒಂದು ರಾತ್ರಿಯ ರೂಮು ಬಾಡಿಗೆಯೂ ಉಳಿಯಿತು. ಹಿರಿಯರಿಗೆ ಇದ್ದ ರಿಯಾಯಿತಿಯನ್ನು ರೈಲ್ವೆ 2020ರಲ್ಲಿ ನಿಲ್ಲಿಸಿದ್ದರಿಂದ ಅತ್ತೆಯವರಿಗೂ ಪೂರ್ತಿ ದರ. ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ. ದಸರಾ ರಜೆಯಲ್ಲಿ ಬರ್ತ್ ಬೇಗ ಮುಗಿಯುವುದರಿಂದ ಅವತ್ತು ಬೆಳಗ್ಗೆಯೇ ಕೂತು ಮಾಡಿಸಬೇಕು. ತಾಳಗುಪ್ಪದಿಂದ ಜೋಗಕ್ಕೆ ಬಸ್ಸಿದೆ, ಆಟೋ ಇದೆ. ಐದು ಜನ, ಲಗೇಜು, ಬುತ್ತಿ ಚೀಲ ಸಮೇತ ಒಂದು ಆಟೋ ಸಾಲದು ಎಂದು ಗಾಡಿಗೆ ಸಾವಿರ ರೂಪಾಯಿ ಬೇರೆ ಎತ್ತಿಟ್ಟಿದ್ದೇನೆ.