ಪರೀಕ್ಷೆಯ ಚೀಟಿಯನ್ನು ಓದುವ ವಿಧ: ಗರ್ಭಕೊರಳಿನ ಕ್ಯಾನ್ಸರಿನ ವಿಷಯವಾದ ಒಂದು ಪಾಠ



ಈಗಿನ ಕಾಲದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಹಳ್ಳಿಗಳಲ್ಲಿ ನಡೆಯುವ ಶಿಬಿರಗಳಲ್ಲಿಯೂ ೩೦ ವರುಷ ದಾಟಿದ ಸ್ತ್ರೀಯರಿಗೆ ಗರ್ಭಕೊರಳಿನ ಪರೀಕ್ಷೆಯನ್ನು ಮಾಡುವದುಂಟು. ಪರೀಕ್ಷೆಯಾದ ಮೇಲೆ ಒಂದು ಚೀಟಿಯು ಕೈಗೆ ಬರುವದು. ಅದರಲ್ಲಿರುವ ಎರಡು ಮೂರು ಮಾತುಗಳ ಅರ್ಥವನ್ನು ತಿಳಿಯದೆ ಕೆಲವರು ತಮ್ಮ ಆಯುಸ್ಸು ತೀರಿತೆಂದು ಎದೆಗುಂದುತ್ತಾರೆ. ಕೆಲವರು ಅದನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು ಗಂಡನಿಗೂ ಹೇಳದೆ ಇರುತ್ತಾರೆ. ಇನ್ನು ಕೆಲವರು ಒಂದು ಸಾರಿ ಚೆನ್ನಾಗಿದೆಯೆಂದು ಬರೆದುಕೊಟ್ಟ ಮೇಲೆ ಜೀವಮಾನವೆಲ್ಲಾ ಭಯವಿಲ್ಲವೆಂದು ತಿಳಿದುಕೊಳ್ಳುತ್ತಾರೆ. ಈ ಮೂರೂ ತಪ್ಪಾದ ತಿಳುವಳಿಕೆಗಳು. ಇವುಗಳಿಂದ ಪ್ರಾಣಕ್ಕೇ ಅಪಾಯವುಂಟಾಗುವದು. ಆದಕಾರಣ ಈ ಪಾಠದಲ್ಲಿ ನಾವು ಆ ಚೀಟಿಯನ್ನು ಓದುವ ವಿಧವನ್ನು ತಿಳಿಸುವೆವು. ಪಾಠದ ಸಾರವೇನಂದರೆ: ಚೀಟಿಯು ಮುಂದಿನ ಹೆಜ್ಜೆಯನ್ನು ತೋರಿಸುವದು, ಆ ಹೆಜ್ಜೆಯನ್ನು ಇಡುವವಳು ಬಹುಮಟ್ಟಿಗೆ ಉಳಿಯುವಳು.

೧. ರೋಗವು ಎಂಥದು?

ಗರ್ಭಕೋಶದ ಕಿರಿದಾದ ಕೆಳತುದಿಗೆ ಗರ್ಭಕೊರಳು ಎಂದು ಹೆಸರು. ಇಲ್ಲಿ ಹುಟ್ಟುವ ಕ್ಯಾನ್ಸರಿಗೆ ಹೆಚ್ಚುಕಡಿಮೆ ಯಾವಾಗಲೂ ಎಚ್.ಪಿ.ವಿ. ಎಂಬ ವೈರಸ್ಸೇ ಕಾರಣ. ಈ ಸಂಬಂಧವನ್ನು ಜರ್ಮನಿ ದೇಶದ ಹೆರಾಲ್ಡ್ ತ್ಸುರ್ ಹೌಸನ್ ಎಂಬ ವೈದ್ಯರು ತೋರಿಸಿಕೊಟ್ಟದ್ದರಿಂದ ಅವರಿಗೆ ೨೦೦೮ರಲ್ಲಿ ನೊಬೆಲ್ ಬಹುಮಾನವು ದೊರಕಿತು. ಈ ವೈರಸ್ಸಿನಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳುಂಟು. ಅವುಗಳಲ್ಲಿ ಸುಮಾರು ೧೪ ಮಾತ್ರ ಅಪಾಯದವು. ಅದರಲ್ಲಿಯೂ ೧೬ ಮತ್ತು ೧೮ ಎಂಬ ಅಂಕೆಯುಳ್ಳ ಎರಡು ಜಾತಿಗಳಿಂದಲೇ ೧೦೦ಕ್ಕೆ ೭೦ರಷ್ಟು ಗರ್ಭಕೊರಳಿನ ಕ್ಯಾನ್ಸರುಗಳು ಉಂಟಾಗುತ್ತವೆ.

ವೈರಸ್ ಹೊಕ್ಕವರಿಗೆಲ್ಲಾ ರೋಗವು ಬರುವದೋ? ಇಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ಶರೀರವು ಎರಡು ವರುಷಗಳೊಳಗೆ ಅದನ್ನು ತಾನೇ ಅಡಗಿಸಿಬಿಡುವದು. ಉಳಿದ ಕೆಲವರಲ್ಲಿ ಅದು ನೆಲೆಯೂರಿ ಕೊರಳಿನ ಜೀವಕಣಗಳನ್ನು ಮೆಲ್ಲಮೆಲ್ಲನೆ ಮಾರ್ಪಡಿಸುವದು. ಮಾರ್ಪಟ್ಟ ಕಣಗಳು ಕ್ಯಾನ್ಸರ್ ಆಗುವದಕ್ಕೆ ಸಾಮಾನ್ಯವಾಗಿ ೧೫ರಿಂದ ೨೦ ವರುಷಗಳು ಬೇಕು. ಎಚ್.ಐ.ವಿ. ಸೋಂಕಿದ್ದು ಚಿಕಿತ್ಸೆ ಹೊಂದದ ಸ್ತ್ರೀಯರಲ್ಲಿ ಮಾತ್ರ ೫ರಿಂದ ೧೦ ವರುಷಗಳಲ್ಲಿಯೇ ಹಾಗಾಗಬಹುದು. ಆದದರಿಂದ ಅಂಥವರು ೨೫ನೆಯ ವಯಸ್ಸಿನಿಂದಲೇ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಇಷ್ಟು ದೀರ್ಘವಾದ ಅವಕಾಶವಿದ್ದರೂ ೨೦೨೨ನೆಯ ಒಂದೇ ವರುಷದಲ್ಲಿ ನಮ್ಮ ದೇಶದಲ್ಲಿ ಸುಮಾರು ೧,೨೭,೦೦೦ ಸ್ತ್ರೀಯರಿಗೆ ಈ ರೋಗವು ಹೊಸದಾಗಿ ಕಂಡುಬಂದು, ೮೦,೦೦೦ದಷ್ಟು ಸ್ತ್ರೀಯರು ಇದರಿಂದ ತೀರಿಹೋದರೆಂದು ಅಂದಾಜು ಮಾಡಿದ್ದಾರೆ. ಅವಕಾಶವಿರುವ ಕಾಲದಲ್ಲಿ ನೋವಾಗಲಿ ರಕ್ತವಾಗಲಿ ಕಾಣದೆ ಇರುವದೇ ಇದಕ್ಕೆ ಮುಖ್ಯ ಕಾರಣ.

ಕೆರೆಯ ಏರಿಯ ಮೇಲೆ ನೀರುಗಂಟಿಯು ನಡೆದು ನೋಡುವದನ್ನು ನಾವೆಲ್ಲರೂ ಬಲ್ಲೆವು. ಅವನು ಏರಿಯಲ್ಲಿ ಒಂದು ಇಲಿಬಿಲವನ್ನು ಕಂಡು ಬಂದು ಹೇಳಿದರೆ ಕೆರೆ ಒಡೆಯಿತೆಂದು ಊರವರು ಅಳುವದಿಲ್ಲ. ಗುದ್ದಲಿ ಮಣ್ಣು ತಕ್ಕೊಂಡು ಹೋಗಿ ಬಿಲವನ್ನು ಮುಚ್ಚುವರು. ಈ ಪರೀಕ್ಷೆಯೂ ಹಾಗೆಯೇ ಇದೆ. ಅದು ಬಿಲವನ್ನು ಹುಡುಕುವದಕ್ಕಾಗಿಯೇ ಏರ್ಪಟ್ಟದ್ದು.

೨. ಪರೀಕ್ಷೆಗಳು ಮೂರು

ಮೊದಲನೆಯದು ಹುಳಿನೀರಿನ ಪರೀಕ್ಷೆ. ಚೀಟಿಯಲ್ಲಿ ಇದನ್ನು ವಿ.ಐ.ಎ. ಎಂದು ಬರೆಯುತ್ತಾರೆ. ೧೦೦ಕ್ಕೆ ೩ರಿಂದ ೫ ಪಾಲು ಅಸೆಟಿಕ್ ಆಮ್ಲ ಬೆರೆಸಿದ ನೀರನ್ನು ಕೊರಳಿಗೆ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಏಳುವದೋ ಎಂದು ಕಣ್ಣಿನಿಂದ ನೋಡುತ್ತಾರೆ. ಸರಕಾರದ ೨೦೧೬ನೆಯ ಕ್ರಮದ ಪ್ರಕಾರ ೩೦ರಿಂದ ೬೫ ವರುಷದ ಸ್ತ್ರೀಯರಿಗೆ ಐದು ವರುಷಕ್ಕೊಮ್ಮೆ ಇದನ್ನು ಮಾಡತಕ್ಕದ್ದು.

ಎರಡನೆಯದು ಪ್ಯಾಪ್ ಪರೀಕ್ಷೆ. ಗ್ರೀಸ್ ದೇಶದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕೆಲಸಮಾಡಿದ ಪಪಾನಿಕೊಲಾವ್ ಎಂಬ ವೈದ್ಯರ ಹೆಸರಿನಿಂದ ಇದಕ್ಕೆ ಈ ಹೆಸರು ಬಂತು. ಕೊರಳಿನಿಂದ ಕೆಲವು ಜೀವಕಣಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಮೂರನೆಯದು ಎಚ್.ಪಿ.ವಿ. ಪರೀಕ್ಷೆ. ಇದು ಅಪಾಯದ ವೈರಸ್ ಇದೆಯೋ ಇಲ್ಲವೋ ಎಂಬದನ್ನು ಹುಡುಕುವದು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ೪೯೭ ಹಳ್ಳಿಗಳ ೧,೩೧,೭೪೬ ಸ್ತ್ರೀಯರನ್ನು ನಾಲ್ಕು ಗುಂಪುಗಳಾಗಿ ಮಾಡಿ ಎಂಟು ವರುಷ ವಿಚಾರಿಸಿದರು. ೨೦೦೯ರಲ್ಲಿ ಅದರ ಫಲವು ಪ್ರಕಟವಾಯಿತು. ಈ ಪರೀಕ್ಷೆಯನ್ನು ಒಂದೇ ಸಾರಿ ಮಾಡಿಸಿಕೊಂಡ ಗುಂಪಿನಲ್ಲಿ ಈ ರೋಗದ ಸಾವು, ಪರೀಕ್ಷೆಗೆ ಕರೆಯದ ಗುಂಪಿನಲ್ಲಿದ್ದದ್ದಕ್ಕಿಂತ ಅರ್ಧದಷ್ಟು ಕಡಿಮೆಯಾಗಿತ್ತು. ಅವರು ನಮ್ಮ ನಿಮ್ಮಂಥ ಹಳ್ಳಿಯ ಸ್ತ್ರೀಯರೇ. ಆದರೆ ಒಂದು ಸಂಗತಿಯನ್ನು ಮರೆಯಬಾರದು: ಚೀಟಿಯಲ್ಲಿ ದೋಷ ಕಂಡವರನ್ನು ಪುನಃ ಕರೆದು ನೋಡಿ ಚಿಕಿತ್ಸೆ ಮಾಡಿದ್ದರಿಂದಲೇ ಈ ಲಾಭವಾಯಿತು.

೩. ಚೀಟಿಯ ಮಾತುಗಳು

'ಪಾಸಿಟಿವ್' ಎಂಬ ಮಾತನ್ನು ಕೆಲವರು ಒಳ್ಳೆಯದೆಂದು ತಿಳಿಯುತ್ತಾರೆ. ಹಾಗಲ್ಲ. ಪಾಸಿಟಿವ್ ಅಂದರೆ ಹುಡುಕಿದ್ದು ಸಿಕ್ಕಿತು. 'ನೆಗೆಟಿವ್' ಅಂದರೆ ಹುಡುಕಿದ್ದು ಸಿಗಲಿಲ್ಲ.

ವಿ.ಐ.ಎ. ನೆಗೆಟಿವ್ ಎಂದಿದ್ದರೆ ಬಿಳಿ ಮಚ್ಚೆ ಕಾಣಲಿಲ್ಲ. ಐದು ವರುಷದ ಮೇಲೆ ತಿರಿಗಿ ಬರಬೇಕು. ಪಾಸಿಟಿವ್ ಎಂದಿದ್ದರೆ ಮಚ್ಚೆ ಕಂಡಿತು. ಉರಿಯೂತದಿಂದಲೂ ಮಚ್ಚೆಯು ಏಳಬಹುದಾದ್ದರಿಂದ ಇದು ಕ್ಯಾನ್ಸರ್ ಎಂದು ಅರ್ಥವಲ್ಲ. ವೈದ್ಯರು ಇನ್ನೂ ಸೂಕ್ಷ್ಮವಾಗಿ ನೋಡಬೇಕು. 'ಕ್ಯಾನ್ಸರಿನ ಸಂದೇಹ' ಎಂದೇ ಬರೆದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗುವದಕ್ಕೆ ಒಂದು ವಾರವನ್ನೂ ಕಳೆಯಬಾರದು. ಮುಟ್ಟು ನಿಂತ ಮೇಲೆ ನೋಡಬೇಕಾದ ಭಾಗವು ಕೊರಳಿನ ಒಳಕ್ಕೆ ಸರಿಯುವದರಿಂದ ವಿ.ಐ.ಎ. ಪರೀಕ್ಷೆಯು ಅಷ್ಟು ನಂಬತಕ್ಕದ್ದಲ್ಲ. ಅಂಥವರು ಬೇರೆ ಎರಡರಲ್ಲಿ ಒಂದನ್ನು ಕೇಳುವದು ಒಳ್ಳೇದು.

ಪ್ಯಾಪ್ ಪರೀಕ್ಷೆಯ ಚೀಟಿಯಲ್ಲಿ ಕೂಡಕ್ಷರಗಳಿರುತ್ತವೆ. ಅವುಗಳನ್ನು ಹೀಗೆ ತಿಳಿಯತಕ್ಕದ್ದು:

ಎನ್.ಐ.ಎಲ್.ಎಂ. — ಕೆಟ್ಟ ಮಾರ್ಪಾಡು ಕಾಣಲಿಲ್ಲ. ಇದರೊಂದಿಗೆ 'ಇನ್‌ಫ್ಲಮೇಶನ್' ಎಂದು ಬರೆದಿದ್ದರೆ ಉರಿಯೂತವಿದೆಯೆಂದರ್ಥ. ಅದು ಕ್ಯಾನ್ಸರ್ ಅಲ್ಲ.

ಎ.ಎಸ್.ಸಿ.-ಯು.ಎಸ್. — ಕಣಗಳು ಸ್ವಲ್ಪ ಬೇರೆಯಾಗಿ ತೋರುತ್ತವೆ, ಕಾರಣವು ನಿಶ್ಚಯವಿಲ್ಲ. ಎಚ್.ಪಿ.ವಿ. ಪರೀಕ್ಷೆಯನ್ನು ಮಾಡಿಸಬೇಕು, ಅದು ಸಿಗದಿದ್ದರೆ ಒಂದು ವರುಷದಲ್ಲಿ ಪ್ಯಾಪ್ ಪರೀಕ್ಷೆಯನ್ನೇ ತಿರಿಗಿ ಮಾಡಿಸಬೇಕು.

ಎಲ್.ಎಸ್.ಐ.ಎಲ್. — ಅಲ್ಪ ಮಾರ್ಪಾಡು. ಹೆಚ್ಚಾಗಿ ತಾನೇ ಸರಿಹೋಗುವದು. ಆದರೂ ವೈದ್ಯರು ಹೇಳಿದ ದಿನಕ್ಕೆ ಹೋಗಲೇಬೇಕು.

ಎ.ಎಸ್.ಸಿ.-ಎಚ್. ಮತ್ತು ಎಚ್.ಎಸ್.ಐ.ಎಲ್. — ಮೊದಲನೆಯದರಲ್ಲಿ ಹೆಚ್ಚಿನ ಮಾರ್ಪಾಡಿನ ಸಂದೇಹ. ಎರಡನೆಯದರಲ್ಲಿ ಹೆಚ್ಚಿನ ಮಾರ್ಪಾಡು. ಇವೂ ಕ್ಯಾನ್ಸರ್ ಎಂಬ ಮಾತಲ್ಲ, ಆದರೆ ತಡಮಾಡಕೂಡದು.

ಎ.ಜಿ.ಸಿ. — ಕೊರಳಿನ ಒಳಗಡೆಯ ಅಥವಾ ಗರ್ಭಕೋಶದ ಗ್ರಂಥಿಗಳ ಕಣಗಳಲ್ಲಿ ವ್ಯತ್ಯಾಸ. ಅಪರೂಪವಾದದ್ದು, ತಪ್ಪದೆ ತಜ್ಞರಿಗೆ ತೋರಿಸಬೇಕು.

'ಅನ್‌ಸ್ಯಾಟಿಸ್ಫ್ಯಾಕ್ಟರಿ' — ತೆಗೆದ ಕಣಗಳು ಸಾಲಲಿಲ್ಲ, ಇಲ್ಲವೆ ಸ್ಪಷ್ಟವಾಗಿರಲಿಲ್ಲ. ಇದರಲ್ಲಿ ನಿಮ್ಮ ಶರೀರದ ವಿಷಯವಾಗಿ ಒಳ್ಳೇದೂ ಕೆಟ್ಟದ್ದೂ ಹೇಳಿಲ್ಲ. ಕೆಲವು ತಿಂಗಳೊಳಗೆ ಪುನಃ ಮಾಡಿಸಬೇಕು.

ಹೆಚ್ಚಿನ ಮಾರ್ಪಾಡನ್ನು ಬಿಟ್ಟುಬಿಟ್ಟರೆ ಏನಾಗುವದೆಂಬದಕ್ಕೆ ನ್ಯೂಜಿಲೆಂಡ್ ದೇಶದಲ್ಲಿ ದುಃಖಕರವಾದ ಸಾಕ್ಷಿಯುಂಟು. ಅಲ್ಲಿ ಆಕ್ಲೆಂಡ್ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ೧೯೬೦ರ ನಂತರದ ಕೆಲವು ವರುಷ ಇಂಥ ಮಾರ್ಪಾಡಿನ ಅತ್ಯಂತ ಮುಂದುವರಿದ ಹಂತದಲ್ಲಿದ್ದ ಸ್ತ್ರೀಯರಲ್ಲಿ ಹಲವರಿಗೆ ತಕ್ಕ ಚಿಕಿತ್ಸೆ ಮಾಡದೆ ನೋಡುತ್ತಾ ಇದ್ದರು. ೨೦೦೮ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅಂಥವರಲ್ಲಿ ೩೦ ವರುಷಗಳೊಳಗೆ ೧೦೦ಕ್ಕೆ ಸುಮಾರು ೩೧ ಮಂದಿಗೆ ಕ್ಯಾನ್ಸರ್ ಬಂತು. ತಕ್ಕ ಚಿಕಿತ್ಸೆ ಹೊಂದಿದವರಲ್ಲಿಯಾದರೋ ೧೦೦ಕ್ಕೆ ಒಬ್ಬರಿಗೂ ಬರಲಿಲ್ಲ. ಈ ಎರಡು ಅಂಕೆಗಳ ನಡುವೆ ಇರುವ ಭೇದವೇ ಆಸ್ಪತ್ರೆಗೆ ಎರಡನೆಯ ಸಾರಿ ಹೋಗುವದರ ಬೆಲೆ.

ಎಚ್.ಪಿ.ವಿ. ನೆಗೆಟಿವ್ ಎಂದಿದ್ದರೆ ಬಲವಾದ ಭರವಸೆಯುಂಟು. ಐದು ವರುಷದ ವರೆಗೆ ಸಾಮಾನ್ಯವಾಗಿ ತಿರಿಗಿ ಬರಬೇಕಾಗಿಲ್ಲ. ಪಾಸಿಟಿವ್ ಎಂದಿದ್ದರೆ ವೈರಸ್ ಇದೆ, ಅಷ್ಟೇ. ಕಣಗಳು ಮಾರ್ಪಟ್ಟಿವೆಯೋ ಎಂದು ಇನ್ನೊಂದು ಪರೀಕ್ಷೆಯಿಂದ ನೋಡಬೇಕು. ೧೬ ಅಥವಾ ೧೮ ಎಂಬ ಅಂಕೆಯನ್ನು ಬರೆದಿದ್ದರೆ ಬೇಗನೆ ತಜ್ಞರಲ್ಲಿಗೆ ಹೋಗಬೇಕು.

೪. ಈ ಚೀಟಿಯು ನಡತೆಗೆ ಸಾಕ್ಷಿಯಲ್ಲ

ಗಂಡಂದಿರೂ ಅತ್ತೆಯರೂ ಇದನ್ನು ಗಮನವಿಟ್ಟು ಓದಬೇಕೆಂದು ಬೇಡುತ್ತೇವೆ. ಈ ವೈರಸ್ ಸ್ತ್ರೀಪುರುಷರ ಸಂಗದಿಂದ ಹರಡುವದು ನಿಜವೇ. ಇದನ್ನು ಕೇಳಿದ ಕೂಡಲೆ ಹೆಂಡತಿಯ ಮೇಲೆ ಸಂಶಯಪಟ್ಟು ಅವಳನ್ನು ತೌರಿಗೆ ಅಟ್ಟುವವರುಂಟು. ಇನ್ನು ಕೆಲವು ಮನೆಗಳಲ್ಲಿ ಹೆಂಡತಿಯೇ ಗಂಡನನ್ನು ದೂರುವಳು. ಎರಡೂ ಸರಿಯಲ್ಲ. ಲೋಕದ ಸ್ತ್ರೀಪುರುಷರಲ್ಲಿ ಬಹುಮಂದಿಗೆ ಜೀವಮಾನದಲ್ಲಿ ಒಂದು ಸಾರಿಯಾದರೂ ಇದು ತಗಲುವದು. ಒಬ್ಬನನ್ನೇ ಬಲ್ಲ ಸ್ತ್ರೀಗೂ ಬರುವದು. ಗಂಡಸಿನಲ್ಲಿ ಯಾವ ಗುರುತೂ ಇಲ್ಲದೆ ಇರಬಹುದು. ಶರೀರದಲ್ಲಿ ಅನೇಕ ವರುಷ ಅಡಗಿದ್ದು ಆಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವ ಶಕ್ತಿ ಯಾವ ಪರೀಕ್ಷೆಗೂ ಇಲ್ಲ. ಹೀಗಿರಲಾಗಿ ಚೀಟಿಯನ್ನು ಹಿಡಿದು ನ್ಯಾಯವಿಚಾರಣೆಗೆ ಕೂತುಕೊಳ್ಳುವದು ಅನ್ಯಾಯ. ಬೈಗಳಿಗೆ ಅಂಜಿ ಚೀಟಿಯನ್ನು ಬಚ್ಚಿಡುವವಳು ಬದುಕುವ ಕಾಲವನ್ನೇ ಕಳಕೊಳ್ಳುವಳು. ಗಂಡನಾದವನು ಅವಳ ಸಂಗಡ ಆಸ್ಪತ್ರೆಗೆ ಹೋಗುವದೇ ಯೋಗ್ಯ.

೫. ಎರಡನೆಯ ಸಾರಿ ಹೋದಾಗ ಏನು ಮಾಡುವರು?

ಕಾಲ್ಪೊಸ್ಕೋಪ್ ಎಂಬ, ದೊಡ್ಡದಾಗಿ ತೋರಿಸುವ ಯಂತ್ರದಿಂದ ಕೊರಳನ್ನು ನೋಡುವರು. ಬೇಕಾದರೆ ಒಂದು ಸಣ್ಣ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸುವರು. ಇದಕ್ಕೆ ಬಯಾಪ್ಸಿ ಎಂದು ಹೆಸರು. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುವದೆಂಬ ಮಾತಿಗೆ ಆಧಾರವಿಲ್ಲ. ಮಾರ್ಪಟ್ಟ ಭಾಗವನ್ನು ಬಿಸಿಯಿಂದಾಗಲಿ, ಅತಿಶೀತದಿಂದಾಗಲಿ ನಾಶಮಾಡುವರು, ಇಲ್ಲವೆ ತೆಳುವಾದ ತಂತಿಯ ಕುಣಿಕೆಯಿಂದ ತೆಗೆದುಬಿಡುವರು. ಹೆಚ್ಚಾಗಿ ಅದೇ ದಿನ ಮನೆಗೆ ಬರಬಹುದು. ಗರ್ಭಕೋಶವು ಉಳಿಯುವದು, ಮುಂದೆ ಮಕ್ಕಳಾಗುವದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಒಂದು ವರುಷದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಿಳಿಸೆರಗು ಇದೆ, ಹುಣ್ಣು ಇದೆ, ಮುಂದೆ ಕ್ಯಾನ್ಸರ್ ಆದೀತು ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆಯಿಸಿಕೊಳ್ಳಲು ಹೇಳುವವರುಂಟು. ಒಂದು ಪಾಸಿಟಿವ್ ಚೀಟಿಯಿಂದ ಮಾತ್ರವೇ ಗರ್ಭಕೋಶವನ್ನು ತೆಗೆಯಬೇಕಾಗುವದಿಲ್ಲ. ಹೊಲ ಅಡವಿಡುವದಕ್ಕೆ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳಿರಿ.

೬. ಚೆನ್ನಾಗಿದೆಯೆಂಬ ಚೀಟಿಗೂ ಮೇರೆಯುಂಟು

ಇಂದು ಏರಿಯಲ್ಲಿ ಬಿಲವಿಲ್ಲವೆಂದು ನೀರುಗಂಟಿಯು ಹೇಳಿದರೆ ಬರುವ ಮಳೆಗಾಲದಲ್ಲಿ ನೋಡಬೇಕಾಗಿಲ್ಲವೆಂದು ಅರ್ಥವಲ್ಲ. ಅದರಂತೆ, ಗೊತ್ತಾದ ವರುಷಕ್ಕೆ ತಿರಿಗಿ ಹೋಗಬೇಕು. ಲಸಿಕೆ ಹಾಕಿಸಿಕೊಂಡವರೂ ತಕ್ಕ ವಯಸ್ಸಿನಲ್ಲಿ ಪರೀಕ್ಷೆಯನ್ನು ಬಿಡಕೂಡದು; ಯಾಕಂದರೆ ಲಸಿಕೆಯು ಎಲ್ಲಾ ಜಾತಿಗಳನ್ನೂ ತಡೆಯುವದಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡರೂ, ಸಂಗದ ಮೇಲೆ ರಕ್ತ ಕಂಡರೂ, ದುರ್ವಾಸನೆಯ ಸ್ರಾವವಿದ್ದರೂ, ಚೀಟಿಯಲ್ಲಿ ಏನೇ ಬರೆದಿರಲಿ, ಕೂಡಲೆ ವೈದ್ಯರಿಗೆ ತೋರಿಸಬೇಕು. ಕ್ಯಾನ್ಸರೇ ಆಗಿದ್ದರೂ ಆರಂಭದಲ್ಲಿ ಸಿಕ್ಕಿದರೆ ಗುಣವಾಗುವ ನಿರೀಕ್ಷೆ ಹೆಚ್ಚು.

ಓದು ಬಲ್ಲವರು ಓದು ಬಾರದ ಅಕ್ಕತಂಗಿಯರಿಗೆ ಅವರ ಚೀಟಿಯನ್ನು ಗುಟ್ಟಾಗಿ ಓದಿ ಹೇಳಿರಿ. ಕೇಳಿದ್ದನ್ನು ಬಾವಿಕಟ್ಟೆಯಲ್ಲಿ ಆಡಬೇಡಿರಿ. ಮುಂದಿನ ದಿನವು ಯಾವದೆಂದು ದಾದಿಯನ್ನಾಗಲಿ ಆಶಾ ಕಾರ್ಯಕರ್ತೆಯನ್ನಾಗಲಿ ಕೇಳಿ ಚೀಟಿಯ ಮೇಲೆಯೇ ಬರೆಯಿಸಿಕೊಳ್ಳಿರಿ.

ಸ್ತ್ರೀಯರ ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ವೈರಸ್ ಹೊಕ್ಕವರಿಗೆಲ್ಲಾ ಕ್ಯಾನ್ಸರ್ ಬರುವದೋ? ಯಾಕೆ ಇಲ್ಲ?
೨. ಪಾಸಿಟಿವ್, ನೆಗೆಟಿವ್ ಎಂಬ ಮಾತುಗಳ ಅರ್ಥವೇನು?
೩. ಎಲ್.ಎಸ್.ಐ.ಎಲ್. ಮತ್ತು ಎಚ್.ಎಸ್.ಐ.ಎಲ್. ಎಂಬವುಗಳಿಗೆ ಭೇದವೇನು?
೪. ಎಚ್.ಪಿ.ವಿ. ಚೀಟಿಯಿಂದ ಒಬ್ಬಳ ನಡತೆಯನ್ನು ತೀರ್ಮಾನಿಸಕೂಡದು ಯಾಕೆ?
೫. ಚೀಟಿಯು ಚೆನ್ನಾಗಿದ್ದರೂ ಯಾವ ಗುರುತುಗಳು ಕಂಡರೆ ವೈದ್ಯರಲ್ಲಿಗೆ ಹೋಗಬೇಕು?
೬. ನಮ್ಮ ಊರಿನಲ್ಲಿ ೩೦ ವರುಷ ದಾಟಿಯೂ ಒಂದು ಸಾರಿಯೂ ಪರೀಕ್ಷೆ ಮಾಡಿಸಿಕೊಳ್ಳದವರು ಯಾರು? ಅವರ ಸಂಗಡ ಹೋಗುವವರು ಯಾರು?