ಸಿಹಿಗುಂಬಳ ತಿಂದವರು ಯಾರು?

ಕೊಯ್ಲಿಗೆ ವಾರವಿರುವಾಗ ಬೆಳಗಾಗುವಷ್ಟರಲ್ಲಿ ಸಿಹಿಗುಂಬಳದ ಕಾಯಿಗಳು ಹೋಳಾಗಿ ಬಿದ್ದಿದ್ದರೆ ರೈತರು ಸಾಮಾನ್ಯವಾಗಿ ಕಾಡುಹಂದಿಯನ್ನೇ ದೂರುವರು. ಬೇಲಿಗೆ ಹಣ ಸುರಿಯುವ ಮೊದಲು ಹಲ್ಲಿನ ಗುರುತನ್ನು ನೋಡಿರಿ. ಹಂದಿಯು ಕಾಯಿ ಒಡೆದು ಜಗಿಯುತ್ತದೆ. ಸುತ್ತಲಿನ ಮಣ್ಣು ಉತ್ತಂತೆ ಮಗುಚಿರುತ್ತದೆ, ಬಳ್ಳಿ ತುಳಿದಿರುತ್ತದೆ. ಮುಳ್ಳುಹಂದಿ ಹೆಸರಿಗಷ್ಟೇ ಹಂದಿ, ನಿಜಕ್ಕೂ ಇಲಿಯ ಬಳಗದ್ದು. ಅದು ತಿಂದ ತಿರುಳಿನಲ್ಲಿ ಉಳಿಯಿಂದ ಕೆತ್ತಿದಂತೆ ಅಗಲವಾದ ಜೋಡಿಗೆರೆಗಳು ಮೂಡಿರುತ್ತವೆ. ಹತ್ತಿರದಲ್ಲಿ ಒಂದೆರಡು ಮುಳ್ಳೂ ಸಿಗಬಹುದು. ಇಲಿಯಾದರೋ ಸಣ್ಣ ತೂತು ಕೊರೆದು ಬೀಜ ತಿನ್ನುತ್ತದೆ.

ಮುಳ್ಳುಹಂದಿ ನೆಲ ಬಗೆದು ನುಸುಳುವುದರಿಂದ ತಂತಿಬಲೆಯ ಬುಡವನ್ನು ಒಂದು ಅಡಿಯಾದರೂ ಮಣ್ಣಿನಲ್ಲಿ ಹೂಳಬೇಕು. ಬೇಲಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹರಿಸುವುದು ಮಾತ್ರ ಕೂಡದು. ಅದು ಅಪರಾಧ, ಸಾಯುವವರು ಮನೆಯವರೇ ಆಗಬಹುದು.

ಅರ್ಧ ತಿಂದ ಕಾಯಿಗಳನ್ನು ಹಸುವಿನ ಮುಂದೆ ಸುರಿಯುವುದು ಹಲವರ ರೂಢಿ. ಇಲಿ ಮುಟ್ಟಿದ್ದನ್ನೂ ಕೊಳೆತದ್ದನ್ನೂ ಹೂಳಿಬಿಡಿರಿ. ಒಳ್ಳೆಯ ಕಾಯಿಯಾದರೂ ತೆಳ್ಳಗೆ ಹೆಚ್ಚಿಯೇ ಕೊಡಬೇಕು. ಮುಷ್ಟಿ ಗಾತ್ರದ ತುಂಡು ಗಂಟಲಿನಲ್ಲಿ ಸಿಕ್ಕಿಕೊಂಡರೆ ತೇಗು ಹೊರಬಾರದೆ ಹೊಟ್ಟೆ ಉಬ್ಬರಿಸಿ ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು. ಜೊಲ್ಲು ಸುರಿಸುತ್ತ ಕತ್ತು ಚಾಚಿ ನಿಂತರೆ ಕೋಲು ತುರುಕದೆ, ನೀರು ಕುಡಿಸದೆ, ಕೂಡಲೇ ಪಶುವೈದ್ಯರನ್ನು ಕರೆಯಿರಿ.